ಪ್ರವಾಸಿ ಮುದ್ರೆ, ಕವರಿನ ಸಂಬಳ: ಮೆಕ್ಸಿಕೊದಲ್ಲಿ ಯೋಗ ಕಲಿಸಿದ ಮೈಸೂರಿನ ಶಿಕ್ಷಕಿಯೊಬ್ಬರ ಪ್ರಕರಣ

ಮೈಸೂರಿನ ಗೋಕುಲಂನಲ್ಲಿ ಓಡಾಡುವವರಿಗೆ ಸ್ಪ್ಯಾನಿಷ್ ಮಾತು ಕಿವಿಗೆ ಬೀಳುವುದು ಹೊಸದಲ್ಲ. ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾ, ಚಿಲಿಯಿಂದ ಅಷ್ಟಾಂಗ ಯೋಗ ಕಲಿಯಲು ಬಂದವರು ತಿಂಗಳುಗಟ್ಟಲೆ ಇಲ್ಲಿ ಮನೆ ಮಾಡಿಕೊಂಡು ಇರುತ್ತಾರೆ. ಹೊರಡುವಾಗ "ನಮ್ಮೂರಿಗೂ ಬನ್ನಿ, ಅಲ್ಲಿ ಕಲಿಸಿ" ಅಂತ ಇಲ್ಲಿಯ ಶಿಕ್ಷಕರನ್ನು ಕರೆಯುತ್ತಾರೆ. ಆ ಕರೆಯಲ್ಲಿ ಪ್ರೀತಿ ಇರುತ್ತದೆ. ಕಾಗದಪತ್ರ ಇರುವುದು ಕಡಿಮೆ.

ಅಂಥ ಕರೆಗೆ ಓಗೊಟ್ಟು ಹೋದ ಒಬ್ಬರ ಪ್ರಕರಣ ಇದು. ಅವರನ್ನು ವಸುಧಾ ಅಂತ ಕರೆಯೋಣ. ಅದು ನಿಜವಾದ ಹೆಸರಲ್ಲ. ಗುರುತು ಹತ್ತುವ ವಿವರಗಳನ್ನೂ ಬದಲಿಸಿದ್ದೇನೆ. ನನ್ನ ಪಾತ್ರ ಸಣ್ಣದು: ಸ್ಪ್ಯಾನಿಷ್‌ನಲ್ಲಿ ಬಂದ ಪತ್ರ, ಅರ್ಜಿ, ನಿಯಮಗಳನ್ನು ಅವರ ಜೊತೆ ಕೂತು ಓದುತ್ತಿದ್ದೆ. ಹಾಗಾಗಿ ಯಾವ ನಿರ್ಧಾರ ಯಾವ ಹೊತ್ತಿನಲ್ಲಿ, ಯಾಕೆ ಆಯಿತು ಅನ್ನುವುದು ಹತ್ತಿರದಿಂದ ಗೊತ್ತು.

ಹೊರಟಾಗ ಇದ್ದ ಸ್ಥಿತಿ

ವಸುಧಾಗೆ ಆಗ ಮೂವತ್ತರ ಆಸುಪಾಸು. ಮೈಸೂರಿನಲ್ಲಿ ಬೆಳಗಿನ ಕ್ಲಾಸು, ಸಂಜೆ ಆನ್‌ಲೈನ್ ಕ್ಲಾಸು. ಆನ್‌ಲೈನ್ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಮಾತಾಡುವವರು. ಅವರಿಂದಲೇ ಭಾಷೆಯೂ ಬಂತು. ಉಸಿರು, ಮೂಳೆ, ಕೀಲುಗಳ ಬಗ್ಗೆ ಸಲೀಸಾಗಿ ಮಾತಾಡುತ್ತಿದ್ದರು. ಬಾಡಿಗೆ ಕರಾರು ಓದಲು ಮಾತ್ರ ತಡವರಿಸುತ್ತಿದ್ದರು.

2023ರ ಕೊನೆಗೆ ದಕ್ಷಿಣ ಮೆಕ್ಸಿಕೊದ ಓಹಾಕಾ ನಗರದ ಒಂದು ಸಣ್ಣ ಯೋಗ ಸ್ಟುಡಿಯೊದಿಂದ ಆಹ್ವಾನ ಬಂತು. ಒಡತಿ ಗೋಕುಲಂನಲ್ಲಿ ಎರಡು ಸಲ ಇದ್ದು ಹೋದವರು. ಆರು ತಿಂಗಳು, ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ನೋಡಿ ತಿದ್ದುವ 'ಮೈಸೂರು ಸ್ಟೈಲ್' ಕ್ಲಾಸು, ಉಳಿಯಲು ಸ್ಟುಡಿಯೊ ಮೇಲಿನ ಕೋಣೆ, ಬಂದ ವಿದ್ಯಾರ್ಥಿಗಳ ಶುಲ್ಕದಲ್ಲಿ ಅರ್ಧ ಪಾಲು. ವೀಸಾ ಹೇಗೆ ಅಂತ ಕೇಳಿದ್ದಕ್ಕೆ "ನಿಮಗೆ ಬೇಕಾಗಿಲ್ಲ" ಅಂದರು.

ಆ ಉತ್ತರ ಸುಳ್ಳಲ್ಲ. ಭಾರತದವರ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ. ಕೆನಡಾ, ಜಪಾನ್, ಬ್ರಿಟನ್ ವೀಸಾಕ್ಕೂ, ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಶೆಂಗೆನ್ ವೀಸಾಕ್ಕೂ ಇದೇ ಸೌಲಭ್ಯ ಇದೆ. ವಸುಧಾ ಅವರ ಅಣ್ಣ ಅಮೆರಿಕದಲ್ಲಿ ಇದ್ದುದರಿಂದ ಅಲ್ಲಿಯ ವೀಸಾ ಮೊದಲೇ ಆಗಿತ್ತು. ಆದರೆ ಈ ಸೌಲಭ್ಯದಲ್ಲಿ ಒಳಗೆ ಹೋದವರು ಆ ದೇಶದ ಲೆಕ್ಕದಲ್ಲಿ 'ಸಂಬಳದ ಕೆಲಸಕ್ಕೆ ಅನುಮತಿ ಇಲ್ಲದ ಸಂದರ್ಶಕ'. 2011ರ ವಲಸೆ ಕಾನೂನಿನಲ್ಲೇ ಈ ವರ್ಗ ಇದೆ. ಗರಿಷ್ಠ 180 ದಿನ. ಅದನ್ನು ಅಲ್ಲೇ ಇದ್ದುಕೊಂಡು ವಿಸ್ತರಿಸಲು ಬರುವುದಿಲ್ಲ.

ಒಂದು ಸೂಕ್ಷ್ಮ ಇದೆ, ಬಹಳ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ವಸುಧಾ ಓಹಾಕಾದಲ್ಲಿ ಕೂತು ಚಿಲಿಯ ವಿದ್ಯಾರ್ಥಿಗೆ ಆನ್‌ಲೈನ್ ಪಾಠ ಮಾಡಿ, ಹಣ ಮೈಸೂರಿನ ಖಾತೆಗೆ ಬಂದರೆ, ಅದು ಮೆಕ್ಸಿಕೊದೊಳಗಿನಿಂದ ಬಂದ ಸಂಬಳ ಅಲ್ಲ. ಆದರೆ ಓಹಾಕಾದ ಸ್ಟುಡಿಯೊ ಕೊಡುವ ಹಣ ಮೆಕ್ಸಿಕೊದ್ದೇ. ಎರಡೂ ಒಂದೇ ಯೋಗ, ಒಂದೇ ಶಿಕ್ಷಕಿ. ಕಾನೂನಿನ ಕಣ್ಣಿಗೆ ಮಾತ್ರ ಬೇರೆ ಬೇರೆ.

ಮೊದಲ ಆರು ತಿಂಗಳು

ಮೊದಲ ಸಲ ವಿಮಾನ ನಿಲ್ದಾಣದಲ್ಲಿ 180 ದಿನ ಸಿಕ್ಕಿತು. ಕ್ಲಾಸು ಚೆನ್ನಾಗಿ ನಡೆಯಿತು. ಊರೂ ಹಿಡಿಸಿತು. ಹವೆ ಮೈಸೂರಿನಂತೆಯೇ ಹಿತ, ಮಾರುಕಟ್ಟೆಗೆ ನಡೆದು ಹೋಗಬಹುದು. ಊಟಕ್ಕೆ ಮೊದಲು ಕಷ್ಟ ಆಯಿತು. ಅಲ್ಲಿಯ ತ್ಲಾಯುದಾ ಅಂದರೆ ತಟ್ಟೆಗಿಂತ ದೊಡ್ಡ, ಗರಿಗರಿ ಮೆಕ್ಕೆಜೋಳದ ರೊಟ್ಟಿ. ಮೇಲೆ ಅರೆದ ಕಪ್ಪು ಬೀನ್ಸ್ ಕಾಳು, ಚೀಸು. ನೋಡಲು ಶುದ್ಧ ಸಸ್ಯಾಹಾರ. ಆದರೆ ರೊಟ್ಟಿಗೆ ಮೊದಲು ಸವರುವುದು ಹಂದಿ ಕೊಬ್ಬಿನ ಆಸಿಯೆಂತೊ. ಬೀದಿಬದಿಯ ಅಂಗಡಿಯ ಹೆಂಗಸಿಗೆ ಮೊದಲೇ ಹೇಳಿದರೆ ಅದಿಲ್ಲದೆ ಮಾಡಿಕೊಡುತ್ತಾರೆ. ಆಮೇಲಾಮೇಲೆ ವಸುಧಾರನ್ನು ಕಂಡ ಕೂಡಲೇ ಆಕೆ ಬೇರೆ ರೊಟ್ಟಿ ಕಾಯಿಸಲು ಇಡುತ್ತಿದ್ದರಂತೆ.

ಹಣ ತಿಂಗಳ ಕೊನೆಗೆ ಕಂದು ಕವರಿನಲ್ಲಿ ಬರುತ್ತಿತ್ತು. ಮೇಲೆ ಪೆನ್ಸಿಲಿನಲ್ಲಿ ಒಂದು ಮೊತ್ತ. ಎಷ್ಟು ವಿದ್ಯಾರ್ಥಿಗಳು, ಯಾರ ಶುಲ್ಕ ಬಾಕಿ ಅನ್ನುವ ಲೆಕ್ಕ ಇರುತ್ತಿರಲಿಲ್ಲ. ವಸುಧಾ ಅವರ ತಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಫೋನಿನಲ್ಲಿ ಅವರು ಕೇಳಿದ್ದು ಒಂದೇ: "ಅಲ್ಲಮ್ಮಾ, ಅಷ್ಟು ಒಳ್ಳೆಯವರಾದ್ರೆ ದುಡ್ಡು ಖಾತೆಗೆ ಯಾಕೆ ಹಾಕಲ್ಲ?" ಮಗಳು "ಇಲ್ಲಿ ಹೀಗೇ ಅಪ್ಪ" ಅಂದರು. ಆ ಪ್ರಶ್ನೆಯನ್ನು ಆಗಲೇ ಹಿಡಿದು ಕೂತಿದ್ದರೆ ಮುಂದಿನ ಬಹಳಷ್ಟು ತಾಪತ್ರಯ ತಪ್ಪುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಎರಡನೇ ಸಲದ ಮುದ್ರೆ

ಆರು ತಿಂಗಳು ಮುಗಿಯುವ ಮೊದಲು ಅಣ್ಣನ ಮನೆಗೆ ಹೋಗಿ, ಕೆಲವು ವಾರ ಇದ್ದು, ಮತ್ತೆ ಮೆಕ್ಸಿಕೊಗೆ ಬಂದರು. ಹೊರಗೆ ಹೋಗಿ ಬಂದರೆ ಇನ್ನೊಂದು 180 ದಿನ ಸಿಗುತ್ತದೆ ಅನ್ನುವುದು ಸ್ಟುಡಿಯೊದಲ್ಲಿ ಎಲ್ಲರ ನಂಬಿಕೆ. ಒಡತಿ ಆಗಲೇ ಮುಂದಿನ ನಾಲ್ಕು ತಿಂಗಳ ಪ್ಯಾಕೇಜ್ ಮಾರಿ ಹಣ ತೆಗೆದುಕೊಂಡಿದ್ದರು.

ಈ ಸಲ ಅಧಿಕಾರಿ ಹಳೆಯ ಮುದ್ರೆಗಳನ್ನು ತಿರುವಿ ನೋಡಿದರು. ವಾಪಸ್ ಟಿಕೆಟ್ ಕೇಳಿದರು. ಎಲ್ಲಿ ಉಳಿಯುತ್ತೀರಿ, ಖರ್ಚಿಗೆ ಹಣ ಎಲ್ಲಿಂದ ಅಂತ ಕೇಳಿದರು. ಆಮೇಲೆ ಮುದ್ರೆ ಒತ್ತಿ ಪಕ್ಕದಲ್ಲಿ ಪೆನ್ನಿನಿಂದ 30 ಅಂತ ಬರೆದರು. 180 ಅನ್ನುವುದು ಕಾನೂನು ಹಾಕಿದ ಮೇಲ್ಮಿತಿ. ಎಷ್ಟು ದಿನ ಕೊಡಬೇಕು ಅನ್ನುವುದು ಕೌಂಟರಿನಲ್ಲಿ ಕೂತವರ ವಿವೇಚನೆ. ಪದೇ ಪದೇ ಬಂದು ದೀರ್ಘ ಕಾಲ ಇರುವವರು ಪ್ರವಾಸಿಗಳಲ್ಲ ಅಂತ ಅವರಿಗೆ ಅನುಮಾನ ಬಂದರೆ ಅದರಲ್ಲಿ ತಪ್ಪೇನಿದೆ?

ಈಗ ವಸುಧಾ ಮುಂದೆ ಮೂರು ದಾರಿ ಇದ್ದವು. 30 ದಿನ ಮುಗಿದರೂ ಸುಮ್ನೆ ಇದ್ದುಬಿಡುವುದು. ಒಳಗೇ ಇದ್ದು ಹೇಗಾದರೂ ನಿವಾಸಿ ಕಾರ್ಡ್ ಮಾಡಿಸಿಕೊಳ್ಳುವುದು. ಅಥವಾ ಕ್ಲಾಸು ನಿಲ್ಲಿಸಿ ಹೊರಡುವುದು.

ಮೊದಲನೆಯದು ಸಲೀಸು ಅಂತ ಸುತ್ತಲಿನ ವಿದೇಶಿ ಗೆಳೆಯರೇ ಹೇಳಿದರು. "ಹೊರಡುವಾಗ ದಂಡ ಕಟ್ಟಿದರೆ ಆಯಿತು." ಅವರಲ್ಲಿ ಹೆಚ್ಚಿನವರ ಪಾಸ್‌ಪೋರ್ಟ್ ಬೇರೆ. ನಮ್ಮ ಪಾಸ್‌ಪೋರ್ಟಿನವರಿಗೆ ಮೆಕ್ಸಿಕೊದ ಬಾಗಿಲು ತೆರೆದದ್ದೇ ಅಮೆರಿಕದ ವೀಸಾ. ಮುಂದೆ ಅದನ್ನು ನವೀಕರಿಸುವಾಗ, ಶೆಂಗೆನ್‌ಗೆ ಅರ್ಜಿ ಹಾಕುವಾಗ, ಬೇರೆ ದೇಶದಲ್ಲಿ ಹೆಚ್ಚು ದಿನ ಉಳಿದ ದಾಖಲೆ ಅಡ್ಡ ಬರಬಹುದು. ಅಮೆರಿಕದವರಿಗೂ ಯುರೋಪಿನವರಿಗೂ ಆಗಿಬರುವ ಧೈರ್ಯ ನಮಗೆ ಆಗಿಬರುವುದಿಲ್ಲ. ವಸುಧಾ ಇದನ್ನು ಬೇಗ ಅರ್ಥ ಮಾಡಿಕೊಂಡರು.

ಎರಡನೆಯದು ಜಾಸ್ತಿ ಆಸೆ ಹುಟ್ಟಿಸಿತು. ಒಡತಿಯ ಪರಿಚಯದ ಏಜೆಂಟ್ ಒಬ್ಬರು ಮೊತ್ತವೊಂದನ್ನು ಹೇಳಿ, ಮೂರು ವಾರದಲ್ಲಿ ತಾತ್ಕಾಲಿಕ ನಿವಾಸಿ ಕಾರ್ಡ್ ಕೈಗೆ ಕೊಡುತ್ತೇನೆ, ದೇಶ ಬಿಡುವುದೇ ಬೇಡ ಅಂದರು. ಅರ್ಧ ಮುಂಗಡ, ನಗದು. ನಾವು ಆ ರಾತ್ರಿ ವಲಸೆ ಕಾನೂನನ್ನು ತೆಗೆದು ಓದಿದೆವು. ಸಂದರ್ಶಕರಾಗಿ ಬಂದವರು ಒಳಗಿದ್ದೇ ವರ್ಗ ಬದಲಿಸುವಂತಿಲ್ಲ ಅಂತ 53ನೇ ವಿಧಿ ನೇರವಾಗಿ ಹೇಳುತ್ತದೆ. ವಿನಾಯಿತಿ ಇರುವುದು ಮಾನವೀಯ ಕಾರಣಕ್ಕೆ ಇರುವವರಿಗೆ, ಮತ್ತು ಮೆಕ್ಸಿಕೊದವರ ಅಥವಾ ಅಲ್ಲಿಯ ನಿವಾಸಿಗಳ ಹತ್ತಿರದ ಕುಟುಂಬದವರಿಗೆ. ವಸುಧಾ ಎರಡರಲ್ಲೂ ಬರುವುದಿಲ್ಲ.

ಮರುದಿನ ಅವರು ಏಜೆಂಟನಿಗೆ ಒಂದೇ ಸಂದೇಶ ಕಳಿಸಿದರು: ಅರ್ಜಿ ಯಾವ ಕಾರಣದ ಅಡಿಯಲ್ಲಿ ಹಾಕುತ್ತೀರಿ, ಮುಂಗಡಕ್ಕೆ ರಸೀದಿ ಕೊಡುತ್ತೀರಾ? ಉತ್ತರ ಬರಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತಿ ದೊಡ್ಡ ತಿರುವು ಇದೇ ಅನ್ನಿಸುತ್ತದೆ. ಮುಂಗಡ ಕೊಟ್ಟಿದ್ದರೆ, ಹಣ ಹೋಗುವುದು ಒಂದು ಕಡೆ, ಸುಳ್ಳು ಕಾರಣ ಬರೆದ ಅರ್ಜಿಗೆ ಅವರದೇ ಸಹಿ ಬೀಳುತ್ತಿತ್ತು.

ಮೂರನೇ ದಾರಿ ಉಳಿಯಿತು. 30 ದಿನದೊಳಗೆ ಹೊರಡುವುದು ಅಂತ ತೀರ್ಮಾನಿಸಿದರು.

ಬಾಕಿ ಹಣ

ಹೊರಡುವ ವಿಷಯ ಹೇಳಿದ ಮೇಲೆ ಕೊನೆಯ ಕವರು ಬರಲಿಲ್ಲ. ಪ್ಯಾಕೇಜ್ ಹಣ ವಿದ್ಯಾರ್ಥಿಗಳಿಗೆ ವಾಪಸ್ ಕೊಡಬೇಕು, ನಷ್ಟ ಆಗಿದೆ ಅಂತ ಒಡತಿ ಹೇಳಿದರು. ನೀವೇ ಅನುಮತಿ ಇಲ್ಲದೆ ಕೆಲಸ ಮಾಡಿದ್ದು, ಯಾರ ಹತ್ತಿರ ಕೇಳುತ್ತೀರಿ ಅನ್ನುವ ಮಾತೂ ಬಂತು.

ಈ ಮಾತಿಗೆ ಹೆದರಿ ಎಷ್ಟೋ ಜನ ಬಾಕಿ ಬಿಟ್ಟು ಬರುತ್ತಾರೆ. ಬಿಡಬೇಕಾಗಿಲ್ಲ. ವಲಸೆ ಸ್ಥಿತಿ ಏನೇ ಇರಲಿ, ಮಾಡಿದ ಕೆಲಸದ ಕೂಲಿ ಕೇಳುವ ಹಕ್ಕು ಕೆಲಸಗಾರರಿಗೆ ಇದೆ ಅಂತ ಅಮೆರಿಕಾ ಖಂಡದ ಮಾನವ ಹಕ್ಕುಗಳ ನ್ಯಾಯಾಲಯ 2003ರಲ್ಲಿ ಅಭಿಪ್ರಾಯ ಕೊಟ್ಟಿದೆ. ಆ ಅಭಿಪ್ರಾಯ ಕೇಳಿದ್ದು ಮೆಕ್ಸಿಕೊ ಸರ್ಕಾರವೇ. 2019ರ ಕಾರ್ಮಿಕ ಸುಧಾರಣೆ ಆದ ಮೇಲೆ ಕೋರ್ಟಿಗೆ ಹೋಗುವ ಮೊದಲು ರಾಜಿ ಕೇಂದ್ರಕ್ಕೆ ಹೋಗುವ ಏರ್ಪಾಡೂ ಅಲ್ಲಿದೆ. ಹಕ್ಕಿಗೆ ಕೊರತೆ ಇರಲಿಲ್ಲ. ಇಲ್ಲದ್ದು ಪುರಾವೆ. ಕವರಿನ ಮೇಲಿನ ಪೆನ್ಸಿಲ್ ಗೀಟು ಏನು ಸಾಕ್ಷಿ ಹೇಳುತ್ತದೆ?

ಕೊನೆಗೆ ನೆರವಾದದ್ದು ವಾಟ್ಸಾಪ್. ಪ್ರತಿ ಭಾನುವಾರ ಒಡತಿ ವಾರದ ಕ್ಲಾಸುಗಳ ಪಟ್ಟಿ ಕಳಿಸುತ್ತಿದ್ದರು. ಆ ಪಟ್ಟಿಗಳನ್ನೆಲ್ಲ ಒಟ್ಟು ಮಾಡಿ, ದಿನಾಂಕದ ಪ್ರಕಾರ ಜೋಡಿಸಿ, ಒಂದು ಶಾಂತವಾದ ಪತ್ರ ಬರೆದೆವು. ರಾಜಿ ಕೇಂದ್ರದ ಹೆಸರನ್ನೂ ಅದರಲ್ಲಿ ಹಾಕಿದೆವು. ಮೂರನೇ ದಿನ ಬಾಕಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕೈಗೆ ಬಂತು. ಉಳಿದದ್ದಕ್ಕೆ ದೂರು ಕೊಡಬಹುದಿತ್ತು. ಆದರೆ 30 ದಿನದಲ್ಲಿ ಉಳಿದಿದ್ದು ಒಂದೇ ವಾರ, ವಸುಧಾ ಅಷ್ಟಕ್ಕೇ ಬಿಟ್ಟರು. ಆ ಹೊತ್ತಿಗೆ ಅದು ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ.

ಮೈಸೂರಿನಲ್ಲಿ ಕೂತು ಹುಡುಕಿದ ದಾರಿ

ಮನೆಗೆ ಬಂದ ಮೇಲೆ ಮೊದಲು ನೋಡಿದ್ದು 'ಆರ್ಥಿಕ ಸಾಮರ್ಥ್ಯ'ದ ಮೇಲೆ ಸಿಗುವ ತಾತ್ಕಾಲಿಕ ನಿವಾಸ. ಮೆಕ್ಸಿಕೊದಲ್ಲಿ ನೆಲೆಸಿ ಬೇರೆ ದೇಶಕ್ಕೆ ಆನ್‌ಲೈನ್ ಕೆಲಸ ಮಾಡುವ ಬಹಳಷ್ಟು ಜನ ಈ ದಾರಿಯಲ್ಲಿ ಹೋಗುತ್ತಾರೆ. 2024ರ ಲೆಕ್ಕದಲ್ಲಿ ಅದಕ್ಕೆ ಹಿಂದಿನ ಆರು ತಿಂಗಳೂ, ಪ್ರತಿ ತಿಂಗಳು, ಅಲ್ಲಿಯ 300 ದಿನಗಳ ಕನಿಷ್ಠ ಕೂಲಿಗಿಂತ ಜಾಸ್ತಿ ಆದಾಯ ತೋರಿಸಬೇಕಿತ್ತು. ಆ ವರ್ಷದ ಕನಿಷ್ಠ ಕೂಲಿ ದಿನಕ್ಕೆ 248.93 ಪೆಸೊ. ಅಂದರೆ ತಿಂಗಳಿಗೆ 74,000 ಪೆಸೊಗೂ ಮೇಲೆ, ನಮ್ಮ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿಗೂ ಹೆಚ್ಚು. ಸಾಫ್ಟ್‌ವೇರ್‌ನವರಿಗೆ ಆದೀತು. ಯೋಗ ಶಿಕ್ಷಕಿಗೆ ಎಲ್ಲಿಂದ? ಆ ದಾರಿ ಅಲ್ಲಿಗೇ ಮುಗಿಯಿತು.

ಉಳಿದದ್ದು ಉದ್ಯೋಗದ ಆಹ್ವಾನ. ಇಲ್ಲಿ ಕೆಲಸ ಕೊಡುವವರದೇ ಮುಖ್ಯ ಪಾತ್ರ. ಅವರು ಮೊದಲು ರಾಷ್ಟ್ರೀಯ ವಲಸೆ ಸಂಸ್ಥೆಯಲ್ಲಿ, ಅಂದರೆ ಐಎನ್‌ಎಂನಲ್ಲಿ, ಉದ್ಯೋಗದಾತರಾಗಿ ನೋಂದಣಿ ಮಾಡಿಸಿರಬೇಕು. ಅದಕ್ಕೆ ಒಂದು ಕಾನ್ಸ್ತಾನ್ಸಿಯಾ, ನೋಂದಣಿ ಪತ್ರ, ಇರುತ್ತದೆ. ಹಳೆಯ ಸ್ಟುಡಿಯೊಗೆ ಅದು ಇರಲಿಲ್ಲ. ಮಾಡಿಸಿಕೊಂಡರೂ ಇನ್ನೊಂದು ತೊಡಕು ಕಾದಿತ್ತು. ಯಾವ ಸಂಸ್ಥೆಯಲ್ಲೇ ಆಗಲಿ ಕನಿಷ್ಠ ಶೇ 90 ಕೆಲಸಗಾರರು ಮೆಕ್ಸಿಕೊದವರೇ ಇರಬೇಕು ಅಂತ ಅಲ್ಲಿಯ ಕಾರ್ಮಿಕ ಕಾನೂನಿನ 7ನೇ ವಿಧಿ ಹೇಳುತ್ತದೆ. ಐದು ಜನರ ಸ್ಟುಡಿಯೊದಲ್ಲಿ ಒಬ್ಬ ವಿದೇಶಿಯನ್ನು ಸಂಬಳಕ್ಕೆ ಇಟ್ಟುಕೊಳ್ಳಲು ಲೆಕ್ಕವೇ ಕೂಡುವುದಿಲ್ಲ. ಒಡತಿ ಕೆಟ್ಟವರಾಗಿದ್ದಕ್ಕೆ ಕವರಿನಲ್ಲಿ ಹಣ ಕೊಟ್ಟರು ಅಂತ ನಾನು ಹೇಳುವುದಿಲ್ಲ. ಅಷ್ಟು ಸಣ್ಣ ಜಾಗಕ್ಕೆ ಕಾನೂನಿನ ಪ್ರಕಾರ ವಿದೇಶಿ ಶಿಕ್ಷಕಿಯನ್ನು ಇಟ್ಟುಕೊಳ್ಳುವುದೇ ಆಗುತ್ತಿರಲಿಲ್ಲ. ಅದನ್ನು ಮೊದಲೇ ಹೇಳಲಿಲ್ಲ ಅನ್ನುವುದು ಮಾತ್ರ ಅವರ ಮೇಲಿನ ದೂರು.

ಈ ವಿಧಿ ಓದಿದ ಮೇಲೆ ಹುಡುಕಾಟದ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ ವಸುಧಾ ಒಳ್ಳೆಯ ಯೋಗ ಶಾಲೆ ಹುಡುಕುತ್ತಿದ್ದರು. ಆಮೇಲೆ ಹುಡುಕಿದ್ದು ಜಾಸ್ತಿ ಜನ ಕೆಲಸಕ್ಕಿರುವ, ಮೊದಲೇ ವಿದೇಶಿಯರನ್ನು ಇಟ್ಟುಕೊಂಡ ಅನುಭವ ಇರುವ ಜಾಗ. ಹಳೆಯ ವಿದ್ಯಾರ್ಥಿನಿಯೊಬ್ಬರ ಮೂಲಕ ಓಹಾಕಾ ರಾಜ್ಯದ ಕಡಲ ತೀರದ ಒಂದು ದೊಡ್ಡ ಹೋಟೆಲಿನ ಪರಿಚಯ ಆಯಿತು. ಅಲ್ಲಿ ವಿದೇಶಿ ಬಾಣಸಿಗರೊಬ್ಬರು ಆಗಲೇ ಇದ್ದರು. ಕಾನ್ಸ್ತಾನ್ಸಿಯಾ ಚಾಲ್ತಿಯಲ್ಲಿತ್ತು.

ವಸುಧಾಗೆ ಈ ಆಯ್ಕೆ ಸುಲಭ ಇರಲಿಲ್ಲ. ಹೋಟೆಲಿಗೆ ಬೇಕಾದದ್ದು ಅತಿಥಿಗಳಿಗೆ ಬೆಳಗ್ಗೆ ಮುಕ್ಕಾಲು ಗಂಟೆಯ ಲಘು ಯೋಗ. ಒಬ್ಬ ವಿದ್ಯಾರ್ಥಿಯನ್ನು ವರ್ಷಗಟ್ಟಲೆ ನೋಡಿ, ತಿದ್ದಿ ಬೆಳೆಸುವ ಮೈಸೂರು ಪದ್ಧತಿಗೆ ಅಲ್ಲಿ ಜಾಗ ಇಲ್ಲ. ನಾಲ್ಕು ದಿನಕ್ಕೆ ಬರುವ ಅತಿಥಿ ಐದನೇ ದಿನ ಇರುವುದಿಲ್ಲ. ಕವರಿನಲ್ಲಿ ಬರುತ್ತಿದ್ದುದಕ್ಕಿಂತ ಕೈಗೆ ಸಿಗುವ ಹಣವೂ ಸ್ವಲ್ಪ ಕಡಿಮೆ. "ಇದು ನಾನು ಕಲಿತ ಯೋಗ ಅಲ್ಲ" ಅಂತ ನನ್ನ ಹತ್ತಿರ ಬೇಸರ ಪಟ್ಟುಕೊಂಡರು. ಒಪ್ಪಿಕೊಳ್ಳುವ ಮೊದಲು ಎರಡು ವಾರ ಯೋಚಿಸಿದರು. ಸಂಜೆಯ ಆನ್‌ಲೈನ್ ಕ್ಲಾಸುಗಳಿಗೆ ಹೋಟೆಲಿನವರ ಅಡ್ಡಿ ಇಲ್ಲ ಅಂತ ಕರಾರಿನಲ್ಲೇ ಬರೆಸಿಕೊಂಡರು. ಹಳೆಯ ವಿದ್ಯಾರ್ಥಿಗಳು ಆ ಆನ್‌ಲೈನ್ ಕ್ಲಾಸುಗಳಲ್ಲಿ ಉಳಿದರು.

ಅರ್ಜಿಯಿಂದ ಕಾರ್ಡಿನವರೆಗೆ

ಹೋಟೆಲಿನವರು ಹುದ್ದೆ, ಸಂಬಳ, ಅವಧಿ, ಜಾಗ ಬರೆದ ಪತ್ರದ ಜೊತೆ ಐಎನ್‌ಎಂಗೆ ಅರ್ಜಿ ಹಾಕಿದರು. ಒಪ್ಪಿಗೆ ಆದ ಮೇಲೆ ಒಂದು ಕ್ರಮಸಂಖ್ಯೆ ಬರುತ್ತದೆ, ಅದನ್ನು ಎನ್‌ಯುಟಿ ಅನ್ನುತ್ತಾರೆ. ಆ ಸಂಖ್ಯೆ ಹಿಡಿದು ದೆಹಲಿಯ ಮೆಕ್ಸಿಕೊ ರಾಯಭಾರ ಕಚೇರಿಯಲ್ಲಿ ಸಂದರ್ಶನ. ಏನು ಕಲಿಸುತ್ತೀರಿ, ಎಲ್ಲಿ, ಎಷ್ಟು ಸಂಬಳ ಅಂತ ಕೇಳಿದರು. ಪತ್ರದಲ್ಲಿ ಇದ್ದದ್ದನ್ನೇ ಹೇಳಿದರು. ಪಾಸ್‌ಪೋರ್ಟಿಗೆ ವೀಸಾ ಅಂಟಿಸಿ ಕೊಟ್ಟರು: 180 ದಿನ ಚಾಲ್ತಿ, ಒಂದೇ ಪ್ರವೇಶ.

ಇದಾದ ಮೇಲೂ ಎಡವುವ ಜಾಗ ಒಂದಿದೆ, ಅದು ಮತ್ತೆ ವಿಮಾನ ನಿಲ್ದಾಣದ ಕೌಂಟರ್. ಈ ವೀಸಾದಲ್ಲಿ ಒಳಗೆ ಬಂದವರು 30 ದಿನದೊಳಗೆ ಅದನ್ನು ನಿವಾಸಿ ಕಾರ್ಡಿಗೆ ಬದಲಿಸಿಕೊಳ್ಳಲು ಅರ್ಜಿ ಹಾಕಬೇಕು. ಮುದ್ರೆಯಲ್ಲಿ 'ಕಾನ್ಹೆ', ಅಂದರೆ ವಿನಿಮಯ, ಅನ್ನುವ ಗುರುತು, 30 ದಿನ ಅನ್ನುವ ಬರಹ ಎರಡೂ ಇರಬೇಕು. ವಸುಧಾ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇರುವ ಪುಟ ಮೊದಲು ತೆರೆದುಕೊಂಡಿತು. ಅಧಿಕಾರಿ ಅದನ್ನು ನೋಡಿ ಎಂದಿನ ಹಾಗೆ ಸಂದರ್ಶಕಿ ಅಂತ ಮುದ್ರೆ ಒತ್ತಲು ಕೈ ಎತ್ತಿದರು. ಒತ್ತಿಬಿಟ್ಟಿದ್ದರೆ ತಿಂಗಳುಗಳ ಓಡಾಟ ಅಲ್ಲಿಗೇ ಹಾಳು. ವಸುಧಾ ಕೈ ಅಡ್ಡ ಹಿಡಿದು, ಮೆಕ್ಸಿಕೊ ವೀಸಾದ ಪುಟ ತಿರುಗಿಸಿ, "ಕಾನ್ಹೆ, ಸೆನ್ಯೊರಿತಾ, ಪೊರ್ ಫವೊರ್" ಅಂದರು. ಅಧಿಕಾರಿ ಒಮ್ಮೆ ದಿಟ್ಟಿಸಿ ನೋಡಿ, ಬೇರೆ ಮುದ್ರೆ ತೆಗೆದುಕೊಂಡರು. ಇಂಥ ವೀಸಾ ಹಿಡಿದು ಹೋಗುವವರು ಯಾರೇ ಆಗಲಿ, ಕೌಂಟರಿನಿಂದ ಕದಲುವ ಮೊದಲು ಮುದ್ರೆ ಓದಿ. ಹಿಂದೆ ಸಾಲು ಎಷ್ಟೇ ಉದ್ದ ಇರಲಿ.

ಕಾರ್ಡು ಆಯಿತು. ತೆರಿಗೆ ಸಂಖ್ಯೆ ಆಯಿತು. ಸಂಬಳ ಬ್ಯಾಂಕಿಗೆ ಬಂತು. ಕಾನೂನಿನ ಪ್ರಕಾರ ನೋಂದಣಿ ಆದ ಕೆಲಸಗಾರರಿಗೆ ಏನೇನು ಸಿಗುತ್ತದೆ ಅನ್ನುವುದು ವಸುಧಾಗೆ ಆಗಲೇ ಗೊತ್ತಾದದ್ದು: ಐಎಂಎಸ್‌ಎಸ್ ಎಂಬ ಸಾಮಾಜಿಕ ವಿಮಾ ಸಂಸ್ಥೆಯ ಆಸ್ಪತ್ರೆ, ಮೊದಲ ವರ್ಷ ಮುಗಿದ ಮೇಲೆ 12 ದಿನ ಸಂಬಳದ ರಜೆ, ಡಿಸೆಂಬರ್ 20ರೊಳಗೆ ಕನಿಷ್ಠ 15 ದಿನದ ಸಂಬಳ ಬೋನಸ್ಸು. 2023ಕ್ಕೆ ಮುಂಚೆ ಆ ರಜೆ ಬರೀ ಆರು ದಿನ ಇತ್ತು. ತೀರದ ಊರಿನಲ್ಲಿ ಮಳೆಗಾಲದಲ್ಲಿ ಜ್ವರ ಬಂದು ಮಲಗಿದಾಗ ಆ ಆಸ್ಪತ್ರೆಯೇ ನೋಡಿಕೊಂಡಿತು. ಓಹಾಕಾದ ಕೋಣೆಯಲ್ಲಿದ್ದಾಗ ಹೀಗಾಗಿದ್ದರೆ ಕ್ಲಾಸೂ ಇಲ್ಲ, ಹಣವೂ ಇಲ್ಲ.

ಇದರಿಂದ ನಾವು ಬದಲಿಸಿಕೊಂಡದ್ದು

ಯಾರಾದರೂ ಆಹ್ವಾನ ಹಿಡಿದು ಬಂದರೆ ನಾನು ಈಗ ವೀಸಾ ವಿಷಯಕ್ಕೆ ಮೊದಲು ಹೋಗುವುದಿಲ್ಲ. ಹಣ ಯಾರು, ಯಾವ ದೇಶದಿಂದ, ಯಾವ ಖಾತೆಗೆ ಕೊಡುತ್ತಾರೆ ಅಂತ ಕೇಳುತ್ತೇನೆ. ಅದಕ್ಕೆ ನೇರ ಉತ್ತರ ಸಿಕ್ಕರೆ ಯಾವ ವೀಸಾ ಅನ್ನುವುದು ಹೆಚ್ಚುಕಡಿಮೆ ತಾನಾಗೇ ತಿಳಿಯುತ್ತದೆ. ಮೆಕ್ಸಿಕೊ ಆದರೆ ಇನ್ನೆರಡು ಪ್ರಶ್ನೆ: ಕಾನ್ಸ್ತಾನ್ಸಿಯಾ ಇದೆಯಾ, ಕೆಲಸಕ್ಕೆ ಎಷ್ಟು ಜನ ಇದ್ದಾರೆ? ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ನಮ್ಮವರು ಹಿಂಜರಿಯುತ್ತಾರೆ. ವಿದ್ಯಾರ್ಥಿಯಾಗಿ ಬಂದು ಕಾಲಿಗೆ ನಮಸ್ಕಾರ ಮಾಡಿ ಹೋದವರ ಹತ್ತಿರ ದುಡ್ಡಿನ ಮಾತು ಹೇಗೆ ಅನ್ನುವ ಸಂಕೋಚ. ವಸುಧಾರನ್ನು ಆರು ತಿಂಗಳು ಸುಮ್ಮನಿರಿಸಿದ್ದು ಆ ಸಂಕೋಚವೇ.

ಸಣ್ಣ ಜಾಗಕ್ಕೇ ಹೋಗಬೇಕು ಅನ್ನುವವರಿಗೆ ಮೆಕ್ಸಿಕೊದಲ್ಲಿ ಸುಲಭದ ಪರಿಹಾರ ನನಗೆ ಕಂಡಿಲ್ಲ. ಪ್ರವಾಸಿಯಾಗಿ ಹೋಗಿ, ಕಲಿತು, ಊರು ನೋಡಿ, ಆನ್‌ಲೈನ್ ಪಾಠದ ಹಣವನ್ನು ಭಾರತದ ಖಾತೆಗೇ ತರಿಸಿಕೊಂಡು ಇರಬಹುದು. ಸ್ಟುಡಿಯೊದಿಂದ ಪೆಸೊ ತೆಗೆದುಕೊಂಡ ಕ್ಷಣ ಸ್ಥಿತಿ ಬದಲಾಗುತ್ತದೆ.

ಈಗ

ವಸುಧಾ ಮೊದಲ ವರ್ಷ ಮುಗಿಸಿ ಕಾರ್ಡು ನವೀಕರಿಸಿಕೊಂಡಿದ್ದಾರೆ. ತಾತ್ಕಾಲಿಕ ನಿವಾಸ ಒಟ್ಟು ನಾಲ್ಕು ವರ್ಷದವರೆಗೆ ಸಾಗುತ್ತದೆ. ಕೆಲಸದ ಜಾಗ ಅಥವಾ ಮನೆ ಬದಲಾದರೆ 90 ದಿನದೊಳಗೆ ಐಎನ್‌ಎಂಗೆ ತಿಳಿಸಬೇಕು ಅನ್ನುವುದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡಿದ್ದಾರೆ. ಹತ್ತಿರದ ಹಳ್ಳಿಯಿಂದ ಭಾನುವಾರದ ಶಿಬಿರಕ್ಕೆ ಕರೆ ಬರುತ್ತಿದೆ. ಹೋಟೆಲಿನ ಹೊರಗೆ ಹಣ ತೆಗೆದುಕೊಳ್ಳಲು ಬೇರೆ ಅನುಮತಿ ಬೇಕಾ ಅಂತ ವಕೀಲರು ನೋಡುತ್ತಿದ್ದಾರೆ, ಅಲ್ಲಿಯವರೆಗೆ ಹೋಗುತ್ತಿಲ್ಲ. ಮೈಸೂರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿ ಭಾರತೀಯರ, ಖಾತೆಯಾಗಿ ಬದಲಿಸುವ ಫಾರಂ ಅನ್ನು ಅವರ ತಂದೆಯೇ ತುಂಬಿಸಿ ಕೊಟ್ಟರು. ಸಂಬಳದ ಚೀಟಿಗಳನ್ನೂ ತಿಂಗಳು ತಿಂಗಳು ತರಿಸಿಕೊಂಡು ಫೈಲು ಮಾಡುತ್ತಿದ್ದಾರೆ.

ಮುಂದಿನ ಸೀಸನ್ನಿಗೆ ಗೋಕುಲಂನ ಇನ್ನೊಬ್ಬ ಶಿಕ್ಷಕರಿಗೂ ಅದೇ ಹೋಟೆಲಿನಿಂದ ಪತ್ರ ಬಂದಿದೆ. ಹುದ್ದೆ, ಸಂಬಳ, ಅವಧಿ ಮೂರೂ ಸ್ಪಷ್ಟವಾಗಿ ಇವೆ. ವಾರದ ರಜೆ ಯಾವತ್ತು, ಆನ್‌ಲೈನ್ ಕ್ಲಾಸಿಗೆ ಒಪ್ಪಿಗೆ ಇದೆಯಾ ಅನ್ನುವುದು ಇಲ್ಲ. ಎರಡನ್ನೂ ಕೇಳಿ ಮೇಲ್ ಮಾಡಿದ್ದೇವೆ.